ಕಾವಿ ಬಣ್ಣಕ್ಕೆ ತಿರುಗಿದ ಮದುವೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ತರವಾಡು ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಅಟ್ಟದಲ್ಲಿದ್ದ ತಗಡಿನ ಪೆಟ್ಟಿಗೆಯಲ್ಲಿ ಸೂಪರ್ 8 ಎಂಬ ಮನೆಬಳಕೆಯ ಸಿನಿಮಾ ಫಿಲ್ಮಿನ ಎರಡು ಸುರುಳಿಗಳು ಸಿಕ್ಕಿದವು. ಎರಡರಲ್ಲಿಯೂ ಇರುವುದು 1974ರಲ್ಲಿ ನಡೆದ ಅತ್ತೆಯ ಮದುವೆ. ಒಂದು, ಕುವೈತಿನಿಂದ ರಜೆಯಲ್ಲಿ ಬಂದಿದ್ದ ದೊಡ್ಡಪ್ಪ ಕೊಡಾಕ್ರೋಮ್ ಫಿಲ್ಮಿನಲ್ಲಿ ತೆಗೆದ ಮೂಲ. ಇನ್ನೊಂದು, ಮುಂಬಯಿಗೆ ಹೋದ ಅತ್ತೆಗಾಗಿ ಮಾಡಿಸಿದ, ಅವರು ಊರಿಗೆ ಮರಳುವಾಗ ತಂದಿಟ್ಟ ಪ್ರತಿ. ಐವತ್ತು ಅಡಿಯ ಸುರುಳಿ ಓಡುವುದು 3 ನಿಮಿಷ 20 ಸೆಕೆಂಡು ಮಾತ್ರ. ಮೂಲದಲ್ಲಿ ಚಪ್ಪರದ ಮಾವಿನ ತೋರಣ ಇಂದಿಗೂ ಹಸಿರಾಗಿದೆ. ಪ್ರತಿಯಲ್ಲಿ ತೋರಣ, ಅಡಿಕೆ ತೋಟ, ಆಕಾಶ ಎಲ್ಲವೂ ಹಳೆಯ ಗೋಡೆಯ ಕಾವಿಯಂತೆ ಕೆಂಪಡರಿವೆ.

ವರ್ಣ ಫಿಲ್ಮಿನ ಚಿತ್ರ ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆ ಛಾಯೆಯ ಕೆಂಪು), ಹಳದಿ ಎಂಬ ಮೂರು ಬಣ್ಣಗಳ ಪದರಗಳಿಂದ ಮೂಡುತ್ತದೆ. ಆ ಕಾಲದ ಪ್ರತಿ ತೆಗೆಯುವ ಬಹುತೇಕ ಫಿಲ್ಮುಗಳಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕಗಳು ಪದರದೊಳಗೇ ಇರುತ್ತಿದ್ದವು. ಅವುಗಳಿಂದಾದ ಸಯಾನ್, ಬೆಳಕು ಸೋಕದಿದ್ದರೂ, ಸೆಕೆ ಮತ್ತು ತೇವಕ್ಕೆ ಎಲ್ಲಕ್ಕಿಂತ ಮೊದಲು ಮಾಸಿ ಮಜೆಂಟಾದ ಕೆಂಪನ್ನಷ್ಟೇ ಮುಂದೆ ಮಾಡುತ್ತದೆ. ಕೊಡಾಕ್ರೋಮಿನಲ್ಲಿ ಆ ರಾಸಾಯನಿಕಗಳು ಸಂಸ್ಕರಣೆಯ ದ್ರಾವಣದಲ್ಲಿರುತ್ತಿದ್ದು, ಮಿಕ್ಕದ್ದು ತೊಳೆದುಹೋಗುತ್ತಿದ್ದುದರಿಂದ ಕತ್ತಲೆಯಲ್ಲಿ ಅದರ ಬಣ್ಣ ದಶಕಗಟ್ಟಲೆ ನಿಲ್ಲುತ್ತದೆ. ಆದರೆ ಪ್ರೊಜೆಕ್ಟರಿನ ಬೆಳಕನ್ನು ಅದು ಹೆಚ್ಚು ತಾಳಲಾರದು. ಆದುದರಿಂದ ಮಕ್ಕಳು ಎಷ್ಟು ಕೇಳಿದರೂ ಮೂಲವನ್ನು ಇನ್ನು ಓಡಿಸಬಾರದೆಂದು ನಿರ್ಧರಿಸಿದ್ದೇನೆ.

ನಮ್ಮ ಊರಿನ ಮಳೆಗಾಲವೇ ಫಿಲ್ಮಿಗೆ ದೊಡ್ಡ ಶತ್ರು. ಹಂಚಿನಡಿಯ ಅಟ್ಟ ಬೇಸಗೆಯಲ್ಲಿ ಕಾದು, ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ನೀರಪಸೆ ಹಿಡಿದು, ಫಿಲ್ಮಿನ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ತಳವನ್ನೇ ಕೆಡಿಸುತ್ತದೆ. ಪ್ರತಿಯ ಡಬ್ಬಿ ತೆರೆದಾಗ ಬಂದ ವಿನೆಗರಿನ ವಾಸನೆ ಅದರ ಗುರುತು. ಆ ಆಮ್ಲದ ಆವಿ ಒಳಗೇ ಉಳಿದರೆ ಹಾಳಾಗುವ ವೇಗ ಹೆಚ್ಚುತ್ತದೆ, ಪಕ್ಕದ ಫಿಲ್ಮಿಗೂ ಕೇಡು. ಆದುದರಿಂದ ಪ್ರತಿಯನ್ನು ಮೂಲದಿಂದ ದೂರವಿಟ್ಟಿದ್ದೇನೆ. ಆಟಿ ಕಳೆದ ಮೇಲೆ ಪುಸ್ತಕ, ಹಾಸಿಗೆಗಳನ್ನು ಬಿಸಿಲಿಗೆ ಹಾಕುವ ನಮ್ಮ ಕ್ರಮವನ್ನು ಫಿಲ್ಮಿಗೆ ಅನ್ವಯಿಸಿದರೆ ಉಳಿದ ಬಣ್ಣವೂ ಹೋದೀತು. ಮೂಲವನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಎರಡು ಪದರದ ಚೀಲದಲ್ಲಿ ಬಿಗಿದು ಫ್ರಿಜ್ಜಿನಲ್ಲಿಟ್ಟಿದ್ದೇನೆ. ಹೊರತೆಗೆದಾಗ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಫಿಲ್ಮ್ ಬೆವರುತ್ತದೆ.

ಒಂದು ಸಂಕಟ ಉಳಿದಿದೆ. ಧಾರೆಯ ದೃಶ್ಯ ಮೂಲದಲ್ಲಿ ತುಂಡಾಗಿ ಹೋಗಿ ಪ್ರತಿಯಲ್ಲಿ ಮಾತ್ರ ಇದೆ. ಸ್ಕ್ಯಾನ್ ಮಾಡಿ ಬಣ್ಣ ತಿದ್ದುವವರಿಗೆ ಅತ್ತೆಯ ಸೀರೆಯ ನಿಜವಾದ ಬಣ್ಣ ಹೇಗೆ ತಿಳಿಯಬೇಕು? ಕೇಳಿದಾಗ ಅತ್ತೆ ಮರದ ಪೆಟ್ಟಿಗೆಯಿಂದ ಆ ಸೀರೆಯನ್ನೇ ತಂದು ನನ್ನ ಮಡಿಲಲ್ಲಿಟ್ಟರು: ಪಾಚಿಹಸಿರು, ನೇರಳೆ ಅಂಚು. ಸುರುಳಿಯೊಂದಿಗೆ ಅದರ ಫೋಟೋವನ್ನೂ ಕಳುಹಿಸುತ್ತಿದ್ದೇನೆ.