ಹೀಟರ್ ಇಟ್ಟು ಒಣಗಿಸಿದ ಸುಣ್ಣದ ಗೋಡೆ

ಸುಣ್ಣದ ಗಾರೆ ಬರೀ ಒಣಗಿ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಅದು ಮತ್ತೆ ಕಲ್ಲಾಗುತ್ತದೆ. ಆ ಕೆಲಸ ನಡೆಯಲು ಗೋಡೆಯಲ್ಲಿ ತೇವ ಇರಬೇಕು. ಇದನ್ನು ತಿಳಿಯದೆ ಸೈಟ್ ನಡೆಸಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಕಚೇರಿಯ ರಿಸೆಪ್ಷನ್ ಗೋಡೆ ಸಾಕ್ಷಿ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಏಕೆಂದರೆ ಗಾರೆಯವರ ಕೈಕೆಲಸದಲ್ಲಿ ಹೇಳಿಕೊಳ್ಳುವಂಥ ಲೋಪವೇ ಇರಲಿಲ್ಲ.

ಹ್ಯಾಂಡೋವರ್ ಹತ್ತಿರ ಬಂದಿತ್ತು. ಎಲೆಕ್ಟ್ರಿಕಲ್‌ನವರು ಕೊನೆಗಳಿಗೆಯಲ್ಲಿ ಎರಡು ಪಾಯಿಂಟ್‌ಗಳ ಜಾಗ ಬದಲಿಸಿ, ಬೇಸ್ ಕೋಟ್ (ಗಾರೆಯ ಅಡಿಪದರ) ಆದ ಗೋಡೆಗೇ ವೈರ್ ಎಳೆಯಲು ಗ್ರೂವ್ ಹೊಡೆದಿದ್ದರು. ಅದನ್ನು ಸಿಮೆಂಟ್‌ನಿಂದ ಮುಚ್ಚಿ ನುಣ್ಣಗೆ ಸವರಿಯೂ ಬಿಟ್ಟಿದ್ದರು. ಅದರ ಮೇಲೆ ಫಿನಿಶ್ ಕೋಟ್ (ಕೊನೆಯ ತೆಳು ಪದರ) ಮುಗಿಯುವಷ್ಟರಲ್ಲಿ ಫೋಟೊ ಶೂಟ್‌ಗೆ ಉಳಿದದ್ದು ಒಂದೇ ರಾತ್ರಿ. ಗಾರೆ ಮೇಸ್ತ್ರಿ ಸಂಜೆ ನೀರು ಚಿಮುಕಿಸಿ, ಗೋಡೆಯ ಮುಂದೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಮನೆಗೆ ಹೋದರು. ರಾತ್ರಿ ಪ್ರಾಜೆಕ್ಟ್ ತಂಡ ಆ ಗೋಣಿತಟ್ಟು ತೆಗೆಸಿತು. ಒದ್ದೆ ಕಲೆಗಳು ಫೋಟೊದಲ್ಲಿ ಕಾಣುತ್ತವೆ ಎಂದು ಫ್ಯಾನ್ ಹೀಟರ್‌ಗಳನ್ನೂ ಹ್ಯಾಲೊಜನ್ ದೀಪಗಳನ್ನೂ ಗೋಡೆಗೆ ಮುಖಮಾಡಿ ಇಟ್ಟಿತು. ಎಚ್‌ವಿಎಸಿಯವರು (ಎಸಿ ಕೆಲಸದವರು) ಕಮಿಷನಿಂಗ್‌ಗೆಂದು, ಅಂದರೆ ಓಡಿಸಿ ಪರೀಕ್ಷಿಸಲೆಂದು, ಎಸಿಯನ್ನೂ ಬೆಳಗಿನವರೆಗೆ ಓಡಿಸಿದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಪುಟ್ಟಿ, ಎಮಲ್ಷನ್‌ಗಳ ನಡುವೆಯೇ ದಿನ ಕಳೆಯುವವರು ಬೇಗ ಒಣಗಿದಷ್ಟೂ ಒಳ್ಳೆಯದು ಎಂದೇ ನಂಬಿರುತ್ತಾರೆ.

ಬೆಳಗ್ಗೆ ದೂರದಿಂದ ನೋಡಿದರೆ ಗೋಡೆ ಬೆಳ್ಳಗೆ, ಸಮವಾಗಿ, ಚೆಂದವಾಗಿಯೇ ಇತ್ತು. ಹತ್ತಿರ ಹೋದಾಗ ಮೈತುಂಬ ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಬಲೆ. ಮೇಸ್ತ್ರಿ ಮಾತೇ ಆಡಲಿಲ್ಲ. ಎಡಮೂಲೆಯಿಂದ ಶುರುಮಾಡಿ ಬೆರಳಗೆಣ್ಣಿನಲ್ಲಿ ಬಡಿಯುತ್ತ ಬಂದರು. ಗಟ್ಟಿ ಸದ್ದು, ಮತ್ತೆ ಗಟ್ಟಿ ಸದ್ದು. ಹೊಸ ಸ್ವಿಚ್ ಬಾಕ್ಸ್ ಹತ್ತಿರ ಬಂದಾಗ ಟೊಳ್ಳು. ಅಂಗೈಯನ್ನು ಗೋಡೆಗೊತ್ತಿ ಕೆಳಗೆಳೆದರು. ಕೈತುಂಬ ಬಿಳಿ ಪುಡಿ. ಅಷ್ಟರಲ್ಲಿ ಕ್ಲೈಂಟ್ ಕೆಳಗಿನ ಲಾಬಿಗೆ ಬಂದಿದ್ದಾರೆಂದು ಫೋನ್ ಬಂತು.

“ಮೇಸ್ತ್ರಿ, ಮೇಲೆ ಒಂದು ಕೈ ಅಕ್ರಿಲಿಕ್ ಪುಟ್ಟಿ ಎಳೆದುಬಿಡಿ, ಮಧ್ಯಾಹ್ನದೊಳಗೆ ಪೇಂಟ್ ಹೊಡೆಸ್ತೀನಿ” ಎಂದರು ಪ್ರಾಜೆಕ್ಟ್ ಮ್ಯಾನೇಜರ್.

“ಎಳೀಬಹುದು ಸಾರ್. ಒಳಗಿನ ಸುಣ್ಣಕ್ಕೆ ಆಮೇಲೆ ಗಾಳಿ ಸಿಗಲ್ಲ, ಪುಡಿ ಪುಡಿಯಾಗೇ ಇರುತ್ತೆ. ಪುಟ್ಟಿ ಸಮೇತ ಚಕ್ಕೆ ಎದ್ದು ಬೀಳುವಾಗ ಯಾರ ಕೆಲಸ ಅಂತ ಕೇಳ್ತಾರೆ, ನನ್ನ ಹೆಸರು ಹೇಳ್ತೀರಿ.”

ಲಿಫ್ಟ್ ಮೇಲೆ ಬರುವಷ್ಟು ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಪುಟ್ಟಿ ಎಳೆದಿದ್ದರೆ ಆ ದಿನ ದಾಟುತ್ತಿತ್ತು, ಸ್ನ್ಯಾಗ್ ಲಿಸ್ಟ್‌ನಲ್ಲಿ (ಸರಿಪಡಿಸಬೇಕಾದ ಲೋಪಗಳ ಪಟ್ಟಿಯಲ್ಲಿ) ಒಂದು ಸಾಲೂ ಏರುತ್ತಿರಲಿಲ್ಲ. ಆದರೆ ಪುಡಿಯಾಗುವ ಮೈಮೇಲೆ ಯಾವ ಪದರವೂ ನಿಲ್ಲುವುದಿಲ್ಲ. ಕೊನೆಗೆ ಕ್ಲೈಂಟ್ ಕೈಯಿಂದಲೇ ಗೋಡೆ ಮುಟ್ಟಿಸಿ, ಆದದ್ದನ್ನು ಹೇಳಿ, ಆ ಒಂದು ಗೋಡೆಯನ್ನು ಬಿಟ್ಟು ಶೂಟ್ ಮುಗಿಸಲಾಯಿತು.

ಆ ರಾತ್ರಿ ಗೋಡೆಯೊಳಗೆ ನಡೆದದ್ದು ಇಷ್ಟು. ಸುಣ್ಣದಕಲ್ಲನ್ನು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರಿನಲ್ಲಿ ಅರಳಿಸಿದರೆ ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗೋಡೆಗೆ ಹಚ್ಚಿದ ಮೇಲೆ ಗಾಳಿಯ ಡೈಆಕ್ಸೈಡ್ ಗಾರೆಯ ಸಣ್ಣ ರಂಧ್ರಗಳಲ್ಲಿರುವ ನೀರಿನಲ್ಲಿ ಕರಗಿ, ಸುಣ್ಣದೊಂದಿಗೆ ಸೇರಿ ಮರಳಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ರಂಧ್ರಗಳಲ್ಲಿ ನೀರು ತುಂಬಿ ನಿಂತಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ, ಪೂರ್ತಿ ಒಣಗಿದರೆ ಕರಗುವುದಕ್ಕೆ ನೀರಿಲ್ಲ. ಎರಡರ ನಡುವಿನ ಹದದಲ್ಲಿ ಗೋಡೆಯನ್ನು ದಿನಗಟ್ಟಲೆ ಇಟ್ಟುಕೊಳ್ಳುವುದೇ ಕುಶಲತೆಯ ಅರ್ಧ ಭಾಗ. ಹೀಟರ್ ಈ ಪ್ರಕ್ರಿಯೆಯನ್ನು ಶುರುವಿನಲ್ಲೇ ನಿಲ್ಲಿಸಿತು, ಜೊತೆಗೆ ಮೇಲ್ಪದರ ಒಮ್ಮೆಲೇ ಕುಗ್ಗಿ ಸೀಳಿತು.

ಎಷ್ಟು ಆಳಕ್ಕೆ ಕೆಟ್ಟಿದೆ ಎಂದು ನೋಡಲು ಕ್ಷಾರ ತಾಗಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್‌ನ ಶೇ. 1ರ ದ್ರಾವಣ ಸಾಕು. ಸಣ್ಣದೊಂದು ಚಕ್ಕೆ ಮುರಿದು, ಮುರಿದ ಅಂಚಿಗೆ ಒಂದು ತೊಟ್ಟು ಬಿಡಬೇಕು. ಗುಲಾಬಿ ಬಣ್ಣ ತಿರುಗಿದರೆ ಅಲ್ಲಿ ಸುಣ್ಣ ಇನ್ನೂ ಕಲ್ಲಾಗಿಲ್ಲ. ಬಣ್ಣ ಬರದಿದ್ದರೆ ಆಗಿದೆ. ಗಾರೆ ಸಂಪೂರ್ಣ ಒಣಗಿದ್ದರೆ ಮೊದಲು ಅಂಚನ್ನು ನೀರಿನಿಂದ ಚೂರು ಒದ್ದೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬಣ್ಣ ಬಾರದೆ ಮೋಸಹೋಗುತ್ತೀರಿ. ಈ ಗೋಡೆಯ ಫಿನಿಶ್ ಕೋಟ್ ಅಂಚಿನಿಂದ ಅಂಚಿಗೆ ಗುಲಾಬಿಯಾಯಿತು. ಬಿರುಕಿಲ್ಲದೆ, ಟೊಳ್ಳಿಲ್ಲದೆ ಬರೀ ಪುಡಿ ಉದುರುತ್ತಿದ್ದರೆ ಹಲವು ದಿನ ನೀರು ಚಿಮುಕಿಸಿ ಸ್ವಲ್ಪ ಮಟ್ಟಿಗೆ ಉಳಿಸಬಹುದು. ಇಲ್ಲಿ ಮೂರೂ ಇದ್ದವು. ಫಿನಿಶ್ ಕೋಟ್ ಪೂರ್ತಿ ಕೆರೆದು, ಸ್ವಿಚ್ ಬಾಕ್ಸ್ ಸುತ್ತಲಿನ ಸಿಮೆಂಟ್ ತೇಪೆಯನ್ನು ಕಿತ್ತುಹಾಕಬೇಕಾಯಿತು. ಬೇಸ್ ಕೋಟ್ ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಆ ತೇಪೆಯ ವಿಷಯ ಬಿಡಿಸಿ ಹೇಳಲೇಬೇಕು, ಇದು ಸೈಟ್ ಸೈಟ್‌ನಲ್ಲೂ ನಡೆಯುತ್ತದೆ. ಸುಣ್ಣದ ಗಾರೆಯ ನಡುವೆ ಸಿಮೆಂಟ್ ಪಟ್ಟಿ ಬಂದರೆ ಎರಡೂ ಒಂದೇ ವೇಗದಲ್ಲಿ ನೀರು ಹೀರುವುದಿಲ್ಲ. ಸವರಿದ ಸಿಮೆಂಟಿನ ನುಣುಪಿಗೆ ಸುಣ್ಣ ಹಿಡಿದುಕೊಳ್ಳುವುದೂ ಇಲ್ಲ. ಗ್ರೂವ್ ಹೊಡೆಯುವುದಿದ್ದರೆ ಬೇಸ್ ಕೋಟ್‌ಗೆ ಮೊದಲೇ ಹೊಡೆದು ಮುಗಿಸಬೇಕು. ಆಮೇಲೆ ಹೊಡೆದರೆ ಅದೇ ಸುಣ್ಣದ ಗಾರೆಯಿಂದ, ಒಂದು ಸಲಕ್ಕೆ 10 ಮಿಲಿಮೀಟರ್ ಮೀರದಂತೆ ತುಂಬಿ, ಪ್ರತಿ ಪದರದ ಮೈಮೇಲೆ ಕರಣೆಯ ತುದಿಯಿಂದ ಗೀಟು ಎಳೆದು ಬಿಡಬೇಕು. ಜಿಪ್ಸಂ ಬೋರ್ಡ್ ಮೇಲೆ ದಪ್ಪ ಸುಣ್ಣದ ಗಾರೆ ಹಾಕಲು ಒಪ್ಪಿಕೊಳ್ಳಲೇಬಾರದು. ಒದ್ದೆಯಾದ ಕಾಗದದ ಪದರವೇ ಬೋರ್ಡಿನಿಂದ ಬಿಟ್ಟುಕೊಳ್ಳುತ್ತದೆ.

ಇನ್ನು ಗಾರೆ ಕಲಸುವ ಕ್ರಮ. ಅರಳಿಸಿದ ಸುಣ್ಣವನ್ನು ನೀರಿನಡಿ ಕನಿಷ್ಠ 3 ತಿಂಗಳು ಕೊಳೆಯಲು ಬಿಟ್ಟದ್ದಾದರೆ ಒಳ್ಳೆಯದು. ಸೈಟ್‌ನಲ್ಲೇ ಅರಳಿಸುವವರು ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಚೀಲದ ಪುಡಿಸುಣ್ಣ ಬಳಸುವುದಾದರೆ ಒಂದು ಇಡೀ ದಿನ ನೆನೆಸಿ, ಅದಕ್ಕೂ ಮೊದಲು ಒಂದು ಚಮಚ ಪುಡಿಗೆ ವಿನೆಗರ್ ಹಾಕಿ ನೋಡಿ. ಜೋರಾಗಿ ನೊರೆ ಎದ್ದರೆ ಆ ಸುಣ್ಣ ಚೀಲದಲ್ಲೇ ಕಲ್ಲಾಗಿದೆ, ವಾಪಸ್ ಕಳಿಸಿ. ಕಣ್ಣಿಗೆ ಗಾಗಲ್ಸ್, ಕೈಗೆ ಗ್ಲೌಸ್ ಇಲ್ಲದೆ ಯಾರನ್ನೂ ಕಲಸಲು ಬಿಡಬೇಡಿ. ಒದ್ದೆ ಸುಣ್ಣದ ಪಿಎಚ್ 12ಕ್ಕೂ ಹೆಚ್ಚು. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಸುಣ್ಣ ಎಷ್ಟು ಬೇಕೆಂಬುದನ್ನು ಮರಳೇ ಹೇಳುತ್ತದೆ. ಒಂದು ಲೀಟರ್ ಪಾತ್ರೆಗೆ ಒಣ ಮರಳು ತುಂಬಿ, ಅಳೆದ ನೀರನ್ನು ಮೈಮಟ್ಟಕ್ಕೆ ಬರುವವರೆಗೆ ಸುರಿಯಿರಿ. ಕುಡಿದ ನೀರಿನಷ್ಟೇ ಮರಳಿನೊಳಗಿನ ಖಾಲಿ ಜಾಗ, ಅಷ್ಟನ್ನು ಸುಣ್ಣ ತುಂಬಬೇಕು. ದೊಡ್ಡ, ನಡು, ಸಣ್ಣ ಕಾಳು ಚೆನ್ನಾಗಿ ಬೆರೆತ ಮರಳಾದರೆ ಅದು ಸುಮಾರು ಮೂರನೇ ಒಂದು ಭಾಗ ಬರುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಎಂಬ ಲೆಕ್ಕ ಬಂದದ್ದು ಹೀಗೆ. ಒಂದೇ ಗಾತ್ರದ ಮರಳಾದರೆ ಖಾಲಿ ಜಾಗ ಹೆಚ್ಚು, ಸುಣ್ಣ ಹೆಚ್ಚು ಬೇಕು, ಸುಣ್ಣ ಹೆಚ್ಚಾದಷ್ಟೂ ಬಿರುಕು. ಬೇಸ್ ಕೋಟ್‌ಗೆ 4 ಮಿಲಿಮೀಟರ್ ಜರಡಿಯಲ್ಲಿ ಸೋಸಿದ, ಮೊನೆಯಿರುವ ಮರಳು. ಫಿನಿಶ್‌ಗೆ 1 ಮಿಲಿಮೀಟರಿಗಿಂತ ಸಣ್ಣದು ಅಥವಾ ಅಮೃತಶಿಲೆಯ ಪುಡಿ, ಒಂದಕ್ಕೆ ಒಂದರಿಂದ ಎರಡರವರೆಗೆ. ಕಲಸುವಾಗ ಗಾರೆ ಗಟ್ಟಿ ಎನ್ನಿಸಿದರೆ ನೀರು ಸುರಿಯಬೇಡಿ. ಸುಣ್ಣದಲ್ಲೇ ನೀರಿದೆ, ಇನ್ನೂ ಹತ್ತು ನಿಮಿಷ ತುಳಿಸಿ ಅಥವಾ ಮಿಕ್ಸರಿನಲ್ಲಿ ತಿರುಗಿಸಿ, ತಾನಾಗಿ ಮೆತ್ತಗಾಗುತ್ತದೆ.

ಗೋಡೆಗೆ ಹಿಂದಿನ ಸಂಜೆ ನೀರು ಕುಡಿಸಿ, ಹಚ್ಚುವ ಒಂದು ಗಂಟೆ ಮುಂಚೆ ಮತ್ತೊಮ್ಮೆ ಕುಡಿಸಬೇಕು. ಮೈ ತಣ್ಣಗಿರಬೇಕು, ಮೇಲೆ ನೀರು ಹೊಳೆಯಬಾರದು. ಮೊದಲ ಪದರ 8ರಿಂದ 10 ಮಿಲಿಮೀಟರ್, ಎರಡನೆಯದು 6ರಿಂದ 8, ಫಿನಿಶ್ 2ರಿಂದ 3. ಎಲ್ಲಕ್ಕಿಂತ ಸೂಕ್ಷ್ಮವಾದ ಹೊತ್ತು ಹಚ್ಚಿದ ನಂತರ ಬರುತ್ತದೆ. ಹೆಬ್ಬೆರಳು ಒತ್ತಿದರೆ ಕುಳಿ ಬೀಳಬಾರದು, ಉಗುರು ಕೊರೆದರೆ ಗೀಟು ಬೀಳಬೇಕು. ಆ ಹದ ಬಂದಾಗ ಚೂರು ನೀರು ಚಿಮುಕಿಸಿ, ಮರದ ಹಲಗೆಯಿಂದ ವೃತ್ತಾಕಾರವಾಗಿ ಒತ್ತಿ ಉಜ್ಜಿದರೆ ಕುಗ್ಗುವಾಗ ಬಿಟ್ಟ ಸಣ್ಣ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಈ ಹೊತ್ತು ಬೆಳಗ್ಗೆ ಬರಬಹುದು, ರಾತ್ರಿ ಹತ್ತಕ್ಕೂ ಬರಬಹುದು. ಆರಕ್ಕೆ ಸೈಟ್ ಬಾಗಿಲು ಹಾಕುವ ನಿಯಮವಿದ್ದಲ್ಲಿ ಆ ಹೊತ್ತು ಕೈತಪ್ಪುತ್ತದೆ. ಮೇಸ್ತ್ರಿ ಉಳಿಯುತ್ತೇನೆಂದರೆ ಉಳಿಯಲು ಬಿಡಿ, ಆ ಗಂಟೆಗಳಿಗೆ ಕೂಲಿ ಕೊಡಿ.

ಮುಂದಿನ ಪದರಕ್ಕೆ ಮುಂಚೆ ಎಷ್ಟು ಕಾಯಬೇಕು? ಒಂದು ಮಿಲಿಮೀಟರ್ ದಪ್ಪಕ್ಕೆ ಒಂದು ದಿನ ಎಂಬುದು ಕೈಬಳಕೆಯ ಲೆಕ್ಕ. ಮೂರು ಪದರ ಸೇರಿ 20 ಮಿಲಿಮೀಟರ್ ಎಂದರೆ 20 ದಿನ. ಮೊದಲ ಕೆಲವು ದಿನ ದಿನಕ್ಕೆ ಮೂರು ನಾಲ್ಕು ಸಲ ಮಂಜಿನಂತೆ ನೀರು ಸಿಂಪಡಿಸಿ ನಡುವೆ ಆರಲು ಬಿಡಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸುವವರು ದಿನಕ್ಕೊಮ್ಮೆಯಾದರೂ ಅದನ್ನು ಎತ್ತಿ ಗಾಳಿಯಾಡಿಸಲೇಬೇಕು. ಈ 20 ದಿನಗಳನ್ನು ನಮ್ಮ ಶೆಡ್ಯೂಲ್ ಸಾಫ್ಟ್‌ವೇರಿನ ಟೆಂಪ್ಲೇಟ್ ತೋರಿಸುವುದೇ ಇಲ್ಲ. ಅಲ್ಲಿ ಪ್ಲಾಸ್ಟರ್ ಎಂದರೆ ಒಂದೇ ಸಾಲು, ನಾಲ್ಕು ದಿನ, ಜಿಪ್ಸಮ್ಮಿಗೂ ಸುಣ್ಣಕ್ಕೂ ಅದೇ. ಕಾಯುವ ದಿನಗಳನ್ನು ಬೇರೆ ಸಾಲಾಗಿ ಸೇರಿಸಿ ಎಂದು ಕೇಳಿದರೆ, ಕೆಲಸ ನಡೆಯದ ದಿನಕ್ಕೆ ಸಾಲು ಯಾಕೆ ಎನ್ನುತ್ತಾರೆ. ಆ ದಿನಗಳಲ್ಲಿ ಗೋಡೆ ಕೆಲಸ ಮಾಡುತ್ತಿರುತ್ತದೆ. ಬಿಒಕ್ಯೂನಲ್ಲೂ (ಕೆಲಸದ ಅಳತೆ, ದರಗಳ ಪಟ್ಟಿಯಲ್ಲೂ) ಚದರಡಿಗೆ ಇಷ್ಟೆಂದು ದರ ಬರೆದರೆ ಗಾರೆಯವರು ಬೇಗ ಮುಗಿಸಿದಷ್ಟೂ ಲಾಭ. ನೀರು ಚಿಮುಕಿಸುವ ದಿನಗಳಿಗೆ ದಿನಗೂಲಿಯ ಪ್ರತ್ಯೇಕ ಐಟಂ ಇರಬೇಕು. ಫಿನಿಶ್ ಕೋಟ್ ಮುಗಿದ ಮೇಲೆ ಇಂತಿಷ್ಟು ದಿನ ಆ ಕೋಣೆಯಲ್ಲಿ ಎಸಿ, ಹೀಟರ್, ಡಿಹ್ಯುಮಿಡಿಫೈಯರ್ ಓಡಿಸಕೂಡದು ಎಂದು ಎಂಇಪಿ (ಎಸಿ, ವಿದ್ಯುತ್, ಕೊಳಾಯಿ) ತಂಡದ ಕಮಿಷನಿಂಗ್ ಪಟ್ಟಿಯಲ್ಲೇ ಬರೆದಿರಬೇಕು. ಗಾರೆಯವರ ಒಪ್ಪಂದದಲ್ಲಿ ಬರೆದರೆ ಎಸಿಯವರು ಅದನ್ನು ಓದುವುದಿಲ್ಲ.

ಸುಣ್ಣ ಪರಿಸರಸ್ನೇಹಿ ಎಂದು ಕ್ಲೈಂಟ್‌ಗೆ ಹೇಳುವಾಗಲೂ ಲೆಕ್ಕ ಸರಿಯಿರಬೇಕು. 100 ಕಿಲೊ ಶುದ್ಧ ಸುಣ್ಣದಕಲ್ಲು ಸುಟ್ಟರೆ 56 ಕಿಲೊ ಸುಟ್ಟ ಸುಣ್ಣ, 44 ಕಿಲೊ ಇಂಗಾಲದ ಡೈಆಕ್ಸೈಡ್. ಗೋಡೆ ವರ್ಷಗಳಲ್ಲಿ ಹಿಂದಕ್ಕೆ ಹೀರುವುದು ಈ 44 ಕಿಲೊದ ಪಾಲನ್ನು ಮಾತ್ರ. ಗೂಡಿನಲ್ಲಿ ಉರಿದ ಇಂಧನದ ಹೊಗೆ ಮರಳಿ ಬರುವುದಿಲ್ಲ. ಹಾಗಾಗಿ ಒಂದು ಕೋಟ್ ಕೆರೆದು ಮತ್ತೆ ಹಚ್ಚಿದರೆ ಅಷ್ಟು ಇಂಧನ ಎರಡನೇ ಸಲ ಉರಿದಂತೆ. ಸುಣ್ಣದ ನಿಜವಾದ ಲಾಭ ಬೇರೆಡೆ ಇದೆ: ಕಲಸಿ ಉಳಿದ ಗಾರೆಯನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ತಿಂಗಳುಗಳ ನಂತರವೂ ತುಳಿದು ಬಳಸಬಹುದು, ಮತ್ತು ಒಂದೆಡೆ ಏಟು ಬಿದ್ದರೆ ಇಡೀ ಗೋಡೆ ಕೀಳದೆ ಅಷ್ಟನ್ನೇ ದುರಸ್ತಿ ಮಾಡಬಹುದು. ಆ ಗೋಡೆಯಿಂದ ಕೆರೆದದ್ದನ್ನು ಜರಡಿಯಾಡಿಸಿ, ಮರಳಿನ ಒಂದು ಪಾಲಿನ ಬದಲಿಗೆ ಬೇರೆ ಗೋಡೆಯ ಬೇಸ್ ಕೋಟ್‌ನಲ್ಲಿ ಸೇರಿಸಲಾಯಿತು. ಸುಣ್ಣದ ಪಾಲನ್ನು ಕಡಿಮೆ ಮಾಡಲಿಲ್ಲ. ಕೆರೆದ ಪುಡಿ ಅಂಟಿನ ಕೆಲಸ ಮಾಡುತ್ತದೆಂದು ನಂಬಬಾರದು.

ಎರಡನೇ ಸಲ ಹಚ್ಚುವಾಗ ಎದುರಾದದ್ದು ಬಣ್ಣದ ಪ್ರಶ್ನೆ. ಸುಣ್ಣಕ್ಕೆ ತಾಳುವುದು ಕಾವಿ, ಹಳದಿ ಮಣ್ಣು, ಐರನ್ ಆಕ್ಸೈಡ್‌ಗಳಂಥ ವರ್ಣಕಗಳು. ಪ್ರಷ್ಯನ್ ಬ್ಲೂ ಸುಣ್ಣದ ಕ್ಷಾರಕ್ಕೆ ಕೆಟ್ಟುಹೋಗುತ್ತದೆ. ವರ್ಣಕ ಸುಣ್ಣದ ತೂಕದ ಶೇ. 10 ಮೀರಿದರೆ ಗಾರೆಯ ಬಲ ಕುಗ್ಗುತ್ತದೆ. ಒದ್ದೆಯಿದ್ದಾಗ ಕಾಣುವ ಬಣ್ಣ ಆರಿದ ಮೇಲೆ ಬಹಳ ತಿಳಿಯಾಗುವುದರಿಂದ ಸ್ಯಾಂಪಲ್ ಹಲಗೆಯನ್ನು ಪೂರ್ತಿ ಆರಿಸಿಯೇ ಸಹಿ ಹಾಕಿಸಿಕೊಳ್ಳಬೇಕು. ಒಂದು ಗೋಡೆಗೆ ಬೇಕಾದಷ್ಟನ್ನೂ ಒಂದೇ ಸಲ ಕಲಸಿ, ಮೂಲೆಯಿಂದ ಮೂಲೆಯವರೆಗೆ ಅಂಚು ಆರಲು ಬಿಡದೆ ಒಂದೇ ದಿನ ಮುಗಿಸಬೇಕು. ನಡುವೆ ನಿಲ್ಲಿಸಿದರೆ ಸೇರಿಸಿದ ಗೆರೆ ಕೊನೆತನಕ ಕಾಣುತ್ತದೆ. ಎತ್ತರದ ಗೋಡೆಯಾದರೆ ಮೇಲೊಬ್ಬರು, ಕೆಳಗೊಬ್ಬರು, ಗಾರೆ ಎತ್ತಿಕೊಡಲು ಒಬ್ಬರು ಬೇಕೇಬೇಕು. ಉಳಿದ ಬಣ್ಣದ ಗಾರೆಯನ್ನು ಎಸೆಯದೆ ಡಬ್ಬಿಯಲ್ಲಿ ತೆಳುವಾಗಿ ನೀರು ನಿಲ್ಲಿಸಿ, ಮುಚ್ಚಳ ಬಿಗಿದು, ಅಳತೆ ಮತ್ತು ತಾರೀಖು ಬರೆದು ಕ್ಲೈಂಟ್‌ಗೇ ಕೊಡಿ. ಮುಂದೆ ಕುರ್ಚಿಯ ಬೆನ್ನು ತಾಗಿ ಗಾರೆ ಎದ್ದುಬಂದಾಗ ಅದೇ ಬಣ್ಣ ಬೇರೆಲ್ಲೂ ಸಿಗುವುದಿಲ್ಲ.