ಪೇಪರ್ ತುಂಡು ಹೇಳಿದ ಸತ್ಯ

ಜುಲೈ 14, 2024, ಭಾನುವಾರ
ನೀರ್ಚಾಲು, ಕಾಸರಗೋಡು

ನಾಲ್ಕು ದಿನದಿಂದ ಮೀನಿನ ತೊಟ್ಟಿಯ ಕೆಳಗೆ ನೆಲ ಒದ್ದೆ. ತುಳುವರ ಮಳೆಗಾಲದ ತಿಂಗಳು ಆಟಿ ಇನ್ನೂ ಶುರುವಾಗಿಲ್ಲ, ಆಗಲೇ ನಮ್ಮ ಮನೆಯ ಗೋಡೆಗಳೂ ಬೆವರುತ್ತಿವೆ. ಅದಕ್ಕೇ ಮೊದಲು ಅನುಮಾನ ಬರಲಿಲ್ಲ. ನಿನ್ನೆ ರಾತ್ರಿ ಒಂದೊಂದು ಜಾಯಿಂಟಿನ ಕೆಳಗೂ ಪೇಪರ್ ತುಂಡು ಇಟ್ಟು ಮಲಗಿದೆ. ಬೆಳಿಗ್ಗೆ ಎರಡು ಮಾತ್ರ ನೆಂದು ಮುದ್ದೆಯಾಗಿದ್ದವು. ಒಂದು ಪಂಪಿನ ಎಲ್ಬೋದ್ದು, ಅಂದರೆ ಪೈಪು ತಿರುಗುವಲ್ಲಿ ಹಾಕುವ ಮೊಣಕೈಯಂಥ ಪ್ಲಾಸ್ಟಿಕ್ ತುಂಡಿನದ್ದು. ಇನ್ನೊಂದು ತೊಟ್ಟಿಯ ಗಾಜಿನ ತೂತಿನಿಂದ ನೀರು ಹೊರಗೆ ತರುವ ಟ್ಯಾಂಕ್ ನಿಪ್ಪಲ್‌ನದ್ದು.

ಎಲ್ಬೋ ನನ್ನದೇ ಕೈಕೆಲಸ. ಅರ್ಧ ಇಂಚಿನ ಥ್ರೆಡ್ಡಿಗೆ (ತಿರುಪಿನ ಗೀರುಗಳಿಗೆ) ನೀರು ಸೋರದಂತೆ ಸುತ್ತುವ ಟೆಫ್ಲಾನ್ ಟೇಪ್ 15 ಸುತ್ತು ಸುತ್ತಿ, ಪೈಪ್ ರೆಂಚ್ ಹಾಕಿ ಬಿಗಿದಿದ್ದೆ. ಜಾಸ್ತಿ ಸುತ್ತಿದರೆ ಜಾಸ್ತಿ ಭದ್ರ ಅಲ್ವಾ! ತೋಟಕ್ಕೆ ಸ್ಪ್ರಿಂಕ್ಲರ್ ಪೈಪು ಎಳೆದು ಕೈ ಪಳಗಿದ ದೊಡ್ಡಪ್ಪ ನೋಡಿ ನಕ್ಕರು. "ಎಂತ ಮಾರಾಯ, ದೀಪಕ್ಕೆ ಬತ್ತಿ ಹೊಸೆದದ್ದಾ?" ಬಿಚ್ಚಿದರೆ ಎಲ್ಬೋದ ಬಾಯಲ್ಲಿ ಕೂದಲೆಳೆಯ ಬಿರುಕು. ದಪ್ಪ ಟೇಪು ಬೆಣೆಯ ಹಾಗೆ ಹೊಕ್ಕು ಪ್ಲಾಸ್ಟಿಕ್ಕನ್ನೇ ಸೀಳಿತ್ತು.

ಹೊಸ ಎಲ್ಬೋಗೆ ನಾಲ್ಕೇ ಸುತ್ತು. ಥ್ರೆಡ್ಡಿನ ತುದಿ ನಮ್ಮ ಮುಖಕ್ಕೆ ಬರುವಂತೆ ಹಿಡಿದು, ಗಡಿಯಾರದ ಮುಳ್ಳು ಹೋಗುವ ಕಡೆಗೆ, ಟೇಪು ಎಳೆದು ಹಿಡಿದು ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಎದ್ದು ಬರುತ್ತದೆ. ತುದಿಯ ಒಂದು ಥ್ರೆಡ್ ಖಾಲಿ ಬಿಡಬೇಕು, ಇಲ್ಲವಾದರೆ ಟೇಪಿನ ಚೂರು ನೀರಿನ ಜೊತೆ ಒಳಗೆ ಹೋಗುತ್ತದೆ. ಎಲ್ಬೋ ಕೈಯಲ್ಲಿ ಬಿಗಿಯಾದ ಮೇಲೆ ಇನ್ನೊಂದು ಸುತ್ತು ತಿರುಗಿಸಿದರೆ ಸಾಕು. ನಾನು ಸೊಟ್ಟ ನಿಂತಿತೆಂದು ಸ್ವಲ್ಪ ಹಿಂದಕ್ಕೆ ತಿರುಗಿಸಿದೆ. "ಬಿಚ್ಚು. ಹೊಸ ಟೇಪು ಸುತ್ತು" ಅಂದರು. ಹಿಂದಕ್ಕೆ ಬಂದರೆ ಹಿಡಿತ ಹೋಯಿತು ಅಂತಲೇ ಲೆಕ್ಕ.

ಟ್ಯಾಂಕ್ ನಿಪ್ಪಲ್‌ಗೆ ಸಿಲಿಕೋನ್ ಮೆತ್ತಲು ಹೊರಟಿದ್ದೆ. ದೊಡ್ಡಪ್ಪ ಬಿಡಲಿಲ್ಲ. ಅಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ರಬ್ಬರ್ ವಾಷರ್. ಅದು ತೊಟ್ಟಿಯ ಒಳಗೆ, ನಿಪ್ಪಲ್‌ನ ಅಗಲ ತಲೆಗೂ ಗಾಜಿಗೂ ನಡುವೆ ಕೂರಬೇಕು. ನಾನು ಹೊರಗೆ, ನಟ್ಟಿನ ಕಡೆ ಹಾಕಿದ್ದೆ! ನೀರು ಥ್ರೆಡ್ಡಿನ ಸಂದಿಯಲ್ಲೇ ಸುತ್ತಿ ಸುತ್ತಿ ಇಳಿಯುತ್ತಿತ್ತು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ ಖಾಲಿ ಮಾಡಿ, ವಾಷರ್ ಒಳಗೆ ಹಾಕಿದೆ. ನಟ್ಟು ಬಿಗಿದದ್ದು ಕೈಯಲ್ಲೇ. ಗಾಜಿನ ಮೇಲೆ ಶಕ್ತಿ ತೋರಿಸುವ ಧೈರ್ಯ ಇನ್ನು ನನಗಿಲ್ಲ.

ಮೊದಲೆಲ್ಲ ನೀರಿಗಾಗಿ ಗುಡ್ಡ ಕೊರೆದ ಸುರಂಗದಿಂದ ನೀರು ತರುವ ಕಬ್ಬಿಣದ ಪೈಪಿಗೆ ಸಣಬು ಸುತ್ತಿ ಪೇಂಟ್ ಬಳಿಯುತ್ತಿದ್ದರಂತೆ. ಮೀನಿನ ನೀರಿಗೆ ಆ ಪೇಂಟ್ ಬೇಡಪ್ಪ.

ರಾತ್ರಿ ಹತ್ತು. ಪೇಪರ್ ತುಂಡುಗಳನ್ನು ಮತ್ತೆ ಇಟ್ಟಿದ್ದೇನೆ. ಎಲ್ಬೋದ್ದು ಗರಿಗರಿ. ನಿಪ್ಪಲ್‌ನದ್ದನ್ನು ಬೆಕ್ಕು ಎಳೆದುಕೊಂಡು ಹೋಗಿದೆ.