ರೋಲ್ ಪ್ಲೇ ಅಂದರೆ ನಾಟಕವೇ ತಾನೆ?

ತರಬೇತಿಗೆ ಬಂದವರು ಮೊದಲು ಕೇಳುವುದೇ ಇದು: "ನಾಟಕ ಆಡಿದರೆ ಏನು ಕಲಿತಂತಾಯ್ತು? ನಮಗೆ ಅಭಿನಯ ಬೇರೆ ಬರಲ್ಲ."

ಅಭಿನಯ ಬೇಕಿಲ್ಲ. ನಾಟಕದ ಮಾತು ಮೊದಲೇ ಬರೆದಿರುತ್ತದೆ. ರೋಲ್ ಪ್ಲೇ ಅಂದರೆ ಕಷ್ಟದ ಮಾತುಕತೆಯೊಂದನ್ನು ಪಾತ್ರ ವಹಿಸಿ ಅಭ್ಯಾಸ ಮಾಡುವುದು. ಇಲ್ಲಿ ಸನ್ನಿವೇಶವಷ್ಟೇ ಗೊತ್ತು. ಎದುರಿನವರ ಮಾತಿಗೆ ಅಲ್ಲೇ, ಆಗಲೇ ಉತ್ತರ ಹುಡುಕಬೇಕು. ಮನೋವೈದ್ಯ ಜೇಕಬ್ ಮೊರೆನೊ ಇದನ್ನು ಚಿಕಿತ್ಸೆಯಾಗಿ ಬೆಳೆಸಿದರು. 1963ರಲ್ಲಿ ಅಮೆರಿಕದ ವೈದ್ಯ ಹೋವರ್ಡ್ ಬ್ಯಾರೋಸ್ ರೋಗಿಯ ಪಾತ್ರಕ್ಕೆ ತರಬೇತಿ ಪಡೆದವರನ್ನು ವೈದ್ಯವಿದ್ಯಾರ್ಥಿಗಳ ಎದುರು ಕೂರಿಸಿದರು. ಕೆಟ್ಟ ಸುದ್ದಿ ತಿಳಿಸುವುದನ್ನು ನಿಜವಾದ ರೋಗಿಯ ಮುಂದೆಯೇ ತಪ್ಪುತ್ತಾ ಕಲಿಯಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಉಪಕಾರ.

ಮೂವರು ಸಾಕು: ಅಭ್ಯಾಸ ಮಾಡುವವರು, ಎದುರಿನ ಪಾತ್ರ, ಗಮನಿಸುವವರು. ಎರಡೂ ಪಾತ್ರಕ್ಕೆ ಮೂರು ನಾಲ್ಕು ಸಾಲಿನ ಚೀಟಿ ಬರೆಯಿರಿ. ನಾನು ಯಾರು, ನನಗೇನು ಬೇಕು, ಎದುರಿನವರಿಗೆ ಗೊತ್ತಿಲ್ಲದ ಒಂದು ಸಂಗತಿ. ಉದಾಹರಣೆಗೆ, ದಿನವೂ ತಡವಾಗಿ ಬರುವ ನೌಕರನ ಜೊತೆ ಮೇಲಧಿಕಾರಿ ಮಾತಾಡಬೇಕು. ನೌಕರನ ಚೀಟಿಯಲ್ಲಿ ಮಾತ್ರ ಹೀಗಿದೆ: "ಮನೆಯಲ್ಲಿ ತಾಯಿಗೆ ಕಾಯಿಲೆ. ಕೇಳಿದರೆ ಮಾತ್ರ ಹೇಳು." ಮೇಲಧಿಕಾರಿ ಬುದ್ಧಿ ಹೇಳುತ್ತಲೇ ಹೋದರೆ ಆ ಸಂಗತಿ ಹೊರಗೆ ಬರುವುದೇ ಇಲ್ಲ. ಕೇಳಿಸಿಕೊಳ್ಳುವುದರ ಬಗ್ಗೆ ಒಂದು ಗಂಟೆ ಉಪನ್ಯಾಸ ಕೊಟ್ಟರೂ ಇಷ್ಟು ನಾಟುವುದಿಲ್ಲ.

ಆಟ ಐದರಿಂದ ಏಳು ನಿಮಿಷ, ಚರ್ಚೆ ಅದರ ಎರಡರಷ್ಟು. ಅಭ್ಯಾಸ ಮಾಡಿದವರೇ ಮೊದಲು ಮಾತಾಡಲಿ, ಆಮೇಲೆ ಎದುರಿನ ಪಾತ್ರದವರು, ಕೊನೆಗೆ ಗಮನಿಸಿದವರು. "ಚೆನ್ನಾಗಿತ್ತು" ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಮಾತಿಗೆ ಎದುರಿನವರು ಸುಮ್ಮನಾದರು ಎಂದು ಆ ಮಾತನ್ನೇ ಬರೆದಿಟ್ಟುಕೊಂಡು ಹೇಳಬೇಕು. ನಂತರ ಮಾತು ಮುಂದೆ ಹೋಗದೆ ನಿಂತ ಆ ಎರಡು ನಿಮಿಷವನ್ನು ಮತ್ತೆ ಆಡಿ. ನಮ್ಮ ಪ್ರಕಾರ ಕಲಿಕೆಯೆಲ್ಲ ಈ ಎರಡನೇ ಸಲದಲ್ಲೇ ಇದೆ. ಅದಕ್ಕೆ ಸಮಯವಿಲ್ಲದಿದ್ದರೆ ರೋಲ್ ಪ್ಲೇ ಇಟ್ಟುಕೊಳ್ಳಲೇಬೇಡಿ. ಪಾತ್ರ ಅದಲುಬದಲು ಮಾಡಿದರೆ ಇನ್ನೂ ಒಳ್ಳೆಯದು. ತನ್ನದೇ ಧಾಟಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಚುಚ್ಚುತ್ತದೆಂದು ತಿಳಿಯುತ್ತದೆ.

ರೋಲ್ ಪ್ಲೇ ಕೆಡುವುದು ಹೆಚ್ಚಾಗಿ ಎದುರಿನ ಪಾತ್ರದಿಂದ. ಉತ್ಸಾಹದಲ್ಲಿ ಕೂಗಾಡಿ, ಯಾವ ಮಾತಿಗೂ ಬಗ್ಗದೆ ಕೂತರೆ ಅಭ್ಯಾಸ ಮಾಡುವವರಿಗೆ ದಾರಿಯೇ ಇರುವುದಿಲ್ಲ. "ಸರಿಯಾಗಿ ಕೇಳಿದರೆ ಮೆತ್ತಗಾಗು" ಎಂದು ಚೀಟಿಯಲ್ಲೇ ಬರೆದಿಡಿ. ಇಡೀ ತರಗತಿಯ ಮುಂದೆ ಆಡಿಸಿದರೆ ಸಂಕೋಚದವರು ನಗುವಿನಲ್ಲಿ ತಪ್ಪಿಸಿಕೊಳ್ಳುತ್ತಾರೆ. ಯಾರದಾದರೂ ಹಸಿ ನೋವನ್ನು ಸನ್ನಿವೇಶವಾಗಿ ಆರಿಸಬೇಡಿ. ಅದು ತರಬೇತಿ ಪಡೆದ ಚಿಕಿತ್ಸಕರ ಕೆಲಸ.

ಮುಗಿದ ಮೇಲೆ ಪಾತ್ರ ಕಳಚಲೇಬೇಕು: ಕುರ್ಚಿ ಬದಲಿಸಿ, ತಮ್ಮ ಹೆಸರು ಹೇಳಿ, "ಆ ನೌಕರನಿಗೂ ನನಗೂ ಇರುವ ವ್ಯತ್ಯಾಸ ಇದು" ಎಂದು ಒಂದು ಮಾತು ಆಡಬೇಕು. ಬೈಸಿಕೊಂಡ ಪಾತ್ರದವರನ್ನಂತೂ ಇದಿಲ್ಲದೆ ಮನೆಗೆ ಕಳಿಸಬೇಡಿ.